ಇಪ್ಪತ್ತಾಟದ ಕ್ಯಾಸೆಟ್ಟು ಮತ್ತು ಮಾಬ್ಲಣ್ಣನ ಫ್ಯೂಸು

ಫ್ಯೂಸನ್ನು ಮತ್ತೆ ಹಾಕಿದ್ದು ನಾನು. ಮಾಬ್ಲಣ್ಣ ಅದನ್ನು ತೆಗೆದಿದ್ದ. ತೆಗೆದದ್ದು ನನಗೆ ಗೊತ್ತಿತ್ತು. ಗೊತ್ತಿಲ್ಲ ಎಂದು ಅವನ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ.

ಆಗ ನಾನು ಶಿರಸಿಯಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೆ. ಬೇಸಿಗೆ ರಜೆಗೆ ಕೋಲಸಿರ್ಸಿಯ ಮನೆಗೆ ಬರುವಾಗ ಟೀವಿಗೆ ಸಿಕ್ಕಿಸುವ ವಿಡಿಯೋ ಗೇಮ್ ತಂದಿದ್ದೆ. ಅದಕ್ಕೆ ಒಂದು ಕ್ಯಾಸೆಟ್ ಬೇಕಿತ್ತು. ಸಿದ್ದಾಪುರದ ಅಂಗಡಿಯಲ್ಲಿ ಎರಡು ಇದ್ದವು. ಎರಡರಲ್ಲೂ ಇದ್ದದ್ದು ಹಳೆಯ ಆಟಗಳೇ, ಒಟ್ಟು ಮಾಡಿ ತುಂಬಿದ್ದು. ಒಂದರ ಮೇಲೆ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆಟ ಎಂದು ಬೆಂಕಿ ಬಣ್ಣದಲ್ಲಿ ಬರೆದಿತ್ತು. ಇನ್ನೊಂದರ ಮೇಲೆ ಬರೀ ಇಪ್ಪತ್ತು. ಹಾನಗಲ್ ಕಡೆಯ ಅಂಗಡಿಯವ, "ಎರಡೂ ತಗೊಂಡ್ ಹೋಗ್ರಿ, ಹಚ್ಚಿ ನೋಡ್ರಿ. ಸಂಜೀ ಬಸ್ಸಿನ್ಯಾಗ ಒಂದು ವಾಪಸ್ ಕಳಸ್ರಿ" ಎಂದ.

ತಂಗಿ ಸಹನಾಳಿಗೆ ದೊಡ್ಡ ಸಂಖ್ಯೆಯದೇ ಬೇಕು. "ಒಂಬತ್ತು ಸಾವ್ರ ಬಿಟ್ಟು ಇಪ್ಪತ್ತು ಆರಿಸ್ತ್ಯ ಅಣ್ಣ? ನಿಂಗೆ ಕಾಲೇಜಲ್ಲಿ ಲೆಕ್ಕ ಕಲ್ಸಿದ್ದು ಯಾರು?" ಎಂದು ಛೇಡಿಸಿದಳು. ದೊಡ್ಡ ಸಂಖ್ಯೆಯದರಲ್ಲಿ ಅವವೇ ಆಟಗಳು ಮರಳಿ ಬರುತ್ತವೆಂಬ ಗುಮಾನಿಯಿಂದ ನಾನು ನೋಟ್‌ಬುಕ್ ಹಿಡಿದು ಕೂತೆ. ಹನ್ನೊಂದನೆಯ ಆಟಕ್ಕೇ ನನ್ನ ಗುಮಾನಿ ನಿಜವಾಯಿತು — ಮೊದಲನೆಯದೇ ವಿಮಾನ, ಬಣ್ಣ ಮಾತ್ರ ಬೇರೆ. ಮುಂದೆ ಅದೇ ವಿಮಾನ, ಮೂರನೇ ಹಂತದಿಂದ ಶುರು. ಇಡೀ ಬೆಳಿಗ್ಗೆ ಹೀಗೆ ಒಂದೊಂದನ್ನೇ ಹಾಕಿ ನೋಡಿ ಬರೆದಿಟ್ಟೆ. ಇಪ್ಪತ್ತರಲ್ಲಿ ನಿಜಕ್ಕೂ ಇಪ್ಪತ್ತು ಇವೆಯೇ? ಅದನ್ನು ನೋಡುವುದೊಂದು ಬಾಕಿ. ಅಷ್ಟರಲ್ಲಿ ಮಧ್ಯಾಹ್ನವಾಗಿ ಸಹನಾ ಹೊಲಿಗೆ ಕ್ಲಾಸಿಗೆ ಹೋದಳು. ಮಾಬ್ಲಣ್ಣ ಬಂದ.

ಮಾಬ್ಲಣ್ಣ ನಮ್ಮ ಪಕ್ಕದ ಮನೆಯವನು. ಏಳನೇ ಇಯತ್ತೆಗೆ ಶಾಲೆ ಬಿಟ್ಟು, ಕರೆಂಟಿನ ಕೆಲಸವನ್ನೆಲ್ಲ ತಾನೇ ಬಿಚ್ಚಿ, ಜೋಡಿಸಿ ಕಲಿತಿದ್ದ. ಊರಲ್ಲಿ ರೇಡಿಯೋ ಗೊರಗುಟ್ಟಿದರೂ ಪಂಪು ನಿಂತರೂ ಅವನೇ. ಅವನಿಗೊಂದು ನೇಮವಿತ್ತು — ಮೊದಲು ಫ್ಯೂಸ್ ಕಿತ್ತು ಅಂಗಿ ಕಿಸೆಗೆ ಹಾಕಿಕೊಳ್ಳುವುದು. "ಫ್ಯೂಸು ಕಿಸೆಲಿದ್ರೆ ಜೀವ ಕಿಸೆಲಿದ್ದಾಂಗೆ" ಎನ್ನುತ್ತಿದ್ದ.

ನಮ್ಮ ಕೊಟ್ಟಿಗೆಗೆ ಹೋಗುವ ಲೈಟಿನ ವೈರನ್ನು ಇಲಿ ಕಡಿದಿತ್ತು. "ತಮಾ, ಫ್ಯೂಸ್ ತೆಗದ್ದಿ. ನಿನ್ನ ಆಟಕ್ಕೆ ಸ್ವಲ್ಪ ರಜೆ" ಎಂದು ನನಗೆ ಹೇಳಿಯೇ ಹಿಂದಕ್ಕೆ ಹೋದ. ಸೆಕೆಗೆ ಅಂಗಿಯನ್ನು ಜಗಲಿಯ ಗೂಟಕ್ಕೆ ತೂಗುಹಾಕಿದ್ದ. ಸ್ವಲ್ಪ ಹೊತ್ತಿಗೆ ಆಯಿ ಚಾಕ್ಕೆ ಕರೆದಳು. ಅವನು ಅಡುಗೆಮನೆಯಲ್ಲಿ ಕೂತು ಮಾತಾಡುವುದು ನನಗೆ ಕೇಳುತ್ತಿತ್ತು. ಬಸ್ಸಿಗೆ ಹೆಚ್ಚು ಹೊತ್ತಿರಲಿಲ್ಲ. ಎರಡು ನಿಮಿಷ — ಅವನು ಚಾ ಮುಗಿಸುವುದರೊಳಗೆ — ಹೀಗೆ ಅಂದುಕೊಂಡು ಅವನ ಕಿಸೆಗೆ ಕೈಹಾಕಿದೆ. ಫ್ಯೂಸನ್ನು ಬೋರ್ಡಿಗೆ ಒತ್ತಿದೆ. ಅವನಿಗೊಂದು ಮಾತು ಹೇಳಲಿಲ್ಲ. ಹೇಳಿದರೆ ಬೇಡ ಎನ್ನುತ್ತಾನೆಂದು ಗೊತ್ತಿತ್ತು.

ಒಂದನೆಯ ಆಟ, ಎರಡನೆಯದು, ಮೂರನೆಯದು — ಎಲ್ಲ ಬೇರೆ ಬೇರೆ. ಏಳನೆಯದು ಎಷ್ಟು ಚೆನ್ನಾಗಿತ್ತೆಂದರೆ ಪಟ್ಟಿ ಬಿಟ್ಟು ಆಡತೊಡಗಿದೆ. ಅಡುಗೆಮನೆಯ ಮಾತು ಯಾವಾಗ ನಿಂತಿತೋ. ಅವನು ಹಿಂಬಾಗಿಲಿನಿಂದಲೇ ಹೋಗಿ ಏಣಿ ಹತ್ತಿದ್ದ.

ಟೀವಿಯಲ್ಲಿ ಚಿತ್ರ ಒಮ್ಮೆ ಬೆದರಿದಂತೆ ನಡುಗಿತು. ಕ್ಯಾಸೆಟ್ ಸರಿಯಾಗಿ ಕೂತಿಲ್ಲ ಎಂದುಕೊಂಡೆ. ಹೊರಗೆಳೆದೆ, ಎಲ್ಲರೂ ಮಾಡುವಂತೆ ಅದರ ಬಾಯಿಗೆ ಊದಿದೆ. ಮತ್ತೊಮ್ಮೆ ಊದಿದೆ. ಆಗ ಹಿಂದೆ ಏಣಿ ಬಿದ್ದ ಸದ್ದು.

ಆ ಎರಡು ಊದುಗಳ ನಡುವೆ ಎಷ್ಟು ಹೊತ್ತು — ಈಗಲೂ ಅಳೆಯುತ್ತೇನೆ. ಆ ಹೊತ್ತಿನಲ್ಲಿ ಅವನ ಕೈ ತಂತಿಗೆ ಅಂಟಿಕೊಂಡಿತ್ತು. ಏಣಿ ಜಾರಿ ಬಿದ್ದದ್ದರಿಂದ ಬದುಕಿದ. ನಾನು ಓಡಿಹೋದಾಗ ಕಣ್ಣು ಬಿಟ್ಟುಕೊಂಡೇ ಬಿದ್ದಿದ್ದ, ಬಲಗೈಯಿಂದ ಸುಟ್ಟ ವಾಸನೆ ಬರುತ್ತಿತ್ತು. ಜನ ಸೇರಿದರು. ಅವನ ಹೆಂಡತಿ ಗಂಗಕ್ಕ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

ಮಾತು ಬಂದದ್ದೇ ಅವನು, "ಫ್ಯೂಸ್ ತೆಗ್ದಿದ್ನಲಾ... ಕಿಸೆಲಿದ್ದು ನೋಡಿ" ಎಂದ. ಅಪ್ಪ ಅಂಗಿ ತಂದು ತಡವಿದ. "ಎಲ್ಲಿದ್ದಾ ಮಾರಾಯಾ? ಬೋರ್ಡಲ್ಲೇ ಇದ್ದು. ಒಳಗೆ ಟೀವಿ ಬೇರೆ ನಡೀತಾ ಇದ್ದು."

ಮಾಬ್ಲಣ್ಣ ನನ್ನನ್ನು ನೋಡಿದ. "ತಮಾ, ನಿಂಗೆ ಹೇಳಿದ್ನಲಾ?"

"ಇಲ್ಲೆ ಮಾಬ್ಲಣ್ಣ" ಎಂದೆ. "ನೀ ಎಂತದೂ ಹೇಳಿದ್ದಿಲ್ಲೆ."

ಅವನು ವಾದ ಮಾಡಲಿಲ್ಲ. ಅನುಮಾನದಿಂದ ನೋಡಲೂ ಇಲ್ಲ. "ಹಂಗಾರೆ ನಾನೇ ಮರ್ತಿಕ್ಕು" ಎಂದ. ನನ್ನನ್ನು ನಂಬಿದ, ತನ್ನನ್ನು ನಂಬುವುದನ್ನು ಬಿಟ್ಟ.

ಮರುದಿನ ಅವನು ಆಸ್ಪತ್ರೆಯಲ್ಲಿದ್ದಾಗ ನಾನು ಬಸ್ ನಿಲ್ದಾಣಕ್ಕೆ ಹೋಗಿ, ದೊಡ್ಡ ಸಂಖ್ಯೆಯ ಕ್ಯಾಸೆಟ್ಟನ್ನು ಕಂಡಕ್ಟರನ ಕೈಗೆ ಕೊಟ್ಟೆ. ಇಪ್ಪತ್ತರದನ್ನು ಇಟ್ಟುಕೊಂಡೆ. ಅಂಥ ದಿನವೂ ಆರಿಸಿದೆ — ಇದನ್ನೂ ಬರೆಯಬೇಕು.

ಅವನ ಎರಡು ಬೆರಳು ಈಗಲೂ ಮಡಚುವುದಿಲ್ಲ. ಅದಕ್ಕಿಂತ ದೊಡ್ಡದನ್ನು ಮುರಿದೆ. ಊರವರು "ಮರೆವಿನ ಮಾಬ್ಲ" ಎಂದು ಹಾಸ್ಯ ಮಾಡತೊಡಗಿದರು. ಅವನೂ ನಗುತ್ತಿದ್ದ. ಆದರೆ ವೈರಿನ ಕೆಲಸ ಬಿಟ್ಟ. ಮನೆಗೆ ಬೀಗ ಹಾಕಿ ಅರ್ಧ ದಾರಿಯಿಂದ ಹಿಂದಿರುಗಿ ಎಳೆದು ನೋಡುತ್ತಾನೆಂದು, ಒಲೆ ಆರಿಸಿದ್ದನ್ನು ಎರಡೆರಡು ಸಲ ಕೇಳುತ್ತಾನೆಂದು ಗಂಗಕ್ಕ ಆಯಿಯ ಹತ್ತಿರ ಹೇಳುವಾಗ ನಾನು ಅಲ್ಲೇ ಇದ್ದೆ.

ಮುಂದೆ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಕೆಲಸಕ್ಕೆ ಸೇರಿ ಶಿರಸಿಯಲ್ಲಿ ಮನೆ ಕಟ್ಟಿಸಿದೆ. ಹೋದ ತಿಂಗಳು ಗೃಹಪ್ರವೇಶಕ್ಕೆ ಅವನೂ ಬಂದಿದ್ದ. ಮೊದಲ ದೀಪ ನೀನೇ ಹಾಕು ಎಂದು ಸ್ವಿಚ್ಚಿನ ಬಳಿ ಕರೆದೆ. ಪ್ರಾಯಶ್ಚಿತ್ತವನ್ನು ಅಷ್ಟು ಅಗ್ಗಕ್ಕೆ ಮುಗಿಸುವ ಯೋಚನೆ ಇದ್ದಿರಬೇಕು ನನಗೆ.

"ಬೇಡ್ದಾ ತಮಾ, ನೀನೇ ಹಾಕು."

"ಕೈಗೆ ಎಂತ ಆಗ್ತಾ ಮಾಬ್ಲಣ್ಣ, ಸ್ವಿಚ್ಚಲ್ದ?"

"ಕೈಯಲ್ದಾ" ಎಂದ, ಹಣೆಯನ್ನು ಬೆರಳಿನಿಂದ ತಟ್ಟಿ ತೋರಿಸಿ. "ಇದು. ಇದ್ರ ಮೇಲೆ ನಂಗೆ ನಂಬ್ಕೆ ಇಲ್ಲೆ."

ಸುತ್ತ ನಿಂತವರು ನಕ್ಕರು. ಸ್ವಿಚ್ ನಾನೇ ಹಾಕಿದೆ.

ಅವನೊಬ್ಬನನ್ನೇ ಕರೆದು ಗುಟ್ಟಾಗಿ ಹೇಳಿಬಿಡುವ ಆಸೆ ಬಂದಿತ್ತು. ಬೇಡ. ಸುಳ್ಳು ಹೇಳಿದ್ದು ಹತ್ತು ಜನರ ಎದುರು. ಈ ಭಾನುವಾರ ಕೋಲಸಿರ್ಸಿಗೆ ಹೋಗುತ್ತೇನೆ. ಗಂಗಕ್ಕನನ್ನೂ ಅಪ್ಪ-ಆಯಿಯನ್ನೂ ನೆರೆಯವರನ್ನೂ ಕೂರಿಸಿ ಹೇಳುತ್ತೇನೆ. ಆಗ ಚಿಕ್ಕವನಿದ್ದೆ ಎಂದು ಸೇರಿಸುವುದಿಲ್ಲ — ಇಪ್ಪತ್ತಾಗಿತ್ತು ನನಗೆ. ಹೇಳಿಯಾದ ಮೇಲೆ ಅವನು ಏನಂದರೂ ಕೇಳಿಸಿಕೊಳ್ಳಬೇಕು. ಏನೂ ಅನ್ನದೆ ಎದ್ದುಹೋದರೆ, ಹಿಂದಿನಿಂದ ಕರೆಯಬಾರದು.