ಅರ್ಧಕ್ಕೆ ಮುಗಿಸಿದ ಸಾಲ

ದಾವಣಗೆರೆಯಲ್ಲಿ ನನ್ನ ಮೊದಲ ಬೆಳಗು ಹೊರಗಿನಿಂದ ಬೀಗ ಹಾಕಿದ ಮನೆಯೊಳಗೆ ಆಯಿತು. ಎದ್ದು ಮುಖ ತೊಳೆದು, ಹೊರಗೆ ನಿಂತು ನಾಲ್ಕು ಜನರನ್ನು ನೋಡೋಣವೆಂದು ಬಾಗಿಲು ಎಳೆದರೆ ಅದು ಅಲುಗಲಿಲ್ಲ. ಮಗ ಪ್ರಶಾಂತ ತಾನು ಕೆಲಸ ಮಾಡುವ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಗೆ, ಸೊಸೆ ರೇಖಾ ತಾನು ಪಾಠ ಹೇಳುವ ಶಾಲೆಗೆ ಹೋಗಿಯಾಗಿತ್ತು. ಸೊಸೆಗೆ ಫೋನು ಮಾಡಿದೆ.

"ನೀವು ಮಲಗಿದ್ರಿ ಮಾವ, ಎಬ್ಬಿಸಾಕೆ ಮನಸಾಗ್ಲಿಲ್ಲ. ಇಲ್ಲಿ ಬಾಗ್ಲು ತಗ್ದಿಟ್ಟು ಹೋಗಾಕಾಗಲ್ಲ. ನಾಳೆ ಇನ್ನೊಂದು ಕೀ ಮಾಡಿಸ್ತೀನಿ, ಇವತ್ತೊಂದಿನ ತಡ್ಕೊಳ್ರಿ" ಎಂದಳು.

ಹರಿಹರದಲ್ಲಿ ನಮ್ಮ ಬಾಗಿಲು ಬೆಳಗ್ಗೆ ತೆರೆದರೆ ಮಲಗುವಾಗಲೇ ಮುಚ್ಚುತ್ತಿದ್ದುದು. ಹಾದು ಹೋಗುವವರು ತಲೆ ಒಳಗೆ ಹಾಕಿ "ನಾಷ್ಟಾ ಆತಾ?" ಎಂದು ಕೇಳದೆ ಮುಂದೆ ಹೋಗುತ್ತಿರಲಿಲ್ಲ. ಇಲ್ಲಿ, ಕೆ.ಬಿ. ಬಡಾವಣೆಯ ಎರಡನೇ ಮಹಡಿಯ ಈ ಬಾಡಿಗೆ ಮನೆಯಲ್ಲಿ, ಎದುರು ಮನೆಯ ನೀರಿನ ಟ್ಯಾಂಕು ನೋಡುತ್ತ ಸಂಜೆ ಮಾಡಿದೆ.

ಊರಿನವರು ನಗಬಹುದು. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ, ಇದನ್ನೂ ಊರು ಬಿಟ್ಟಿದ್ದು ಅನ್ನುತ್ತಾರೇನು ಎಂದು. ನಾನೂ ಹಾಗೆಯೇ ಅಂದುಕೊಂಡು ಬಂದವನು. ಎಸ್ಸೆಸ್ಸೆಲ್ಸಿ ಮುಗಿಸಿದಾಗಿನಿಂದ ಹರಿಹರದ ಒಂದು ಕಿರಾಣಿ ಅಂಗಡಿಗೆ ಮಾಲು ಖರೀದಿಸಲು ವಾರವಾರವೂ ಇಲ್ಲಿನ ಮಂಡಿಪೇಟೆಗೆ ಬರುತ್ತಿದ್ದೆ. ಆದರೆ ನನಗೆ ಗೊತ್ತಿದ್ದ ದಾವಣಗೆರೆ ಸಂಜೆಯ ಬಸ್ಸಿನವರೆಗಿನದು ಮಾತ್ರ. ದೀಪ ಹಚ್ಚಿದ ಮೇಲೆ ಈ ಊರು ಹೇಗಿರುತ್ತದೆ, ಇಲ್ಲಿ ಒಬ್ಬನೇ ಕೂತು ಉಣ್ಣುವುದು ಹೇಗೆ ಎಂಬುದು ಗೊತ್ತಿರಲಿಲ್ಲ.

ಆ ಬಸ್ಸೇ ನನ್ನ ಬಂಡವಾಳವಾಗಿತ್ತು. ಚೌಕಾಸಿ ನಿಂತುಹೋದಾಗ ಚೀಲ ಎತ್ತಿಕೊಂಡು "ಬಸ್ಸಿಗೆ ಹೊತ್ತಾತ್ರಿ, ಹರಿಹರಕ್ಕೆ ಹೋಗ್ಬೇಕು" ಎಂದು ಎದ್ದುಬಿಡುತ್ತಿದ್ದೆ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ವ್ಯಾಪಾರಿ ಕರೆಯುತ್ತಿದ್ದ, ಬೆಲೆ ಇಳಿಯುತ್ತಿತ್ತು. ನನ್ನಂಥ ಖರೀದಿದಾರ ಹರಿಹರದಲ್ಲಿ ಇಲ್ಲ ಎಂದು ಧಣಿ ನಾಲ್ಕು ಜನರ ಮುಂದೆ ಹೇಳುತ್ತಿದ್ದರು. ಆ ಮಾತು ನನ್ನ ತಲೆಗೆ ಏರಿತ್ತು.

ಹೆಂಡತಿ ತೀರಿಕೊಂಡ ಮೇಲೆ ಮಗ ಸೊಸೆ ಬಲವಂತ ಮಾಡಿ ಕರೆತಂದರು. ಹರಿಹರದ ಮನೆಯನ್ನು ಮಾತ್ರ ಬಿಡಲಿಲ್ಲ. ಅದು ಭೋಗ್ಯದ ಮನೆ. ಒಂದು ಗಂಟು ಹಣ ಕೊಟ್ಟು ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಆ ಹಣ ವಾಪಸು. ಸ್ವಲ್ಪ ದಿನ ಇದ್ದು ನೋಡುತ್ತೇನೆ, ಒಗ್ಗದಿದ್ದರೆ ಹೋಗುತ್ತೇನೆ ಎಂದು ಬೀಗ ಹಾಕಿ ಬಂದಿದ್ದೆ. ಬೇಜಾರಾದಾಗ ಜೇಬಿನಲ್ಲಿ ಆ ಕೀಲಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಹಗಲೆಲ್ಲ ಮಾತಿಲ್ಲದೆ ಬಾಯಿ ಕಟ್ಟಿದಂತಾದಾಗ ಮಂಡಿಪೇಟೆಗೆ ನಡೆಯುತ್ತಿದ್ದೆ. ಈ ಊರಿನಲ್ಲಿ ನನ್ನ ಹೆಸರು ಹಿಡಿದು ಕರೆಯುವವರು ಇದ್ದುದು ಅಲ್ಲಿಯೇ. ಒಂದು ದಿನ ಬೇಳೆಕಾಳಿನ ಹಳೆಯ ವ್ಯಾಪಾರಿ ಗೌಸ್ ಸಾಹೇಬರು ನನ್ನನ್ನು ಕಂಡೊಡನೆ ಕೂಗಿದರು: "ಬರ್ರಿ ಚಂದ್ರಣ್ಣ, ಕೂಡ್ರಿ! ಏನು, ಬಸ್ಸಿಗೆ ಹೊತ್ತಾತೇನು?"

"ಈಗೆಲ್ಲಿ ಬಸ್ಸು ಸಾಹೇಬ್ರೆ, ಇಲ್ಲೇ ಇದೀನಿ."

"ಹರಿಹರಕ್ಕೆ ಬಸ್ಸು ಮ್ಯಾಲೆ ಬಸ್ಸು ಐತೆ ಅಂತ ನಮಗ್ ಗೊತ್ತಿರ್ಲಿಲ್ಲ ಅನ್ಕಂಡ್ರಾ? ಬಜಾರ್‌ದಾಗೆ ನೀವೊಂದು ಸುಳ್ಳು, ನಾವೊಂದು ಸುಳ್ಳು. ಇಬ್ರಿಗೂ ಗೊತ್ತಿರ್ತೈತೆ. ಅದ್ಕೇ ಯಾರಿಗೂ ಮೋಸ ಆಗಲ್ಲ."

ಇಬ್ಬರೂ ನಕ್ಕು ಚಹಾ ಕುಡಿದೆವು. ಆದರೆ ಮನೆಗೆ ನಡೆಯುವಾಗ ಆ ಮಾತು ಒಳಗೆ ಚುಚ್ಚುತ್ತಲೇ ಇತ್ತು. ಯಾಕೆಂದರೆ ಅದೇ ವಾರ ನನ್ನ ಮಗನಿಗೆ ಬ್ಯಾಂಕು ಮನೆ ಸಾಲ ಇಲ್ಲವೆಂದಿತ್ತು.

ಇಲ್ಲಿಗೆ ಬಂದು ನಾನು ಕಲಿತ ಹೊಸ ಭಾಷೆ ಬ್ಯಾಂಕಿನದು. ಕ್ರೆಡಿಟ್ ಸ್ಕೋರು ಎಂದರೆ ನೀವು ಸಾಲ ತೀರಿಸಿದ ರೀತಿಗೆ ಕೊಡುವ ಅಂಕ. ರೇಖಾ ಜನ್ಮದಲ್ಲಿ ಸಾಲ ಮಾಡಿದವಳಲ್ಲ. ಹರಿಹರದಲ್ಲಿ ಅಂಥವರಿಗೆ ಒಂದು ತೂಕವಿತ್ತು. ಇಲ್ಲಿ ಅವಳಿಗೆ ಅಂಕವೇ ಇಲ್ಲ! ಸಾಲ ಮಾಡದವರನ್ನು ನಂಬುವುದು ಹೇಗೆ ಎಂದು ಬ್ಯಾಂಕು ಕೇಳುತ್ತದೆ. ಪ್ರಶಾಂತನಿಗೆ ಅಂಕವಿತ್ತು, ಆದರೆ ತೀರ ಕೆಳಗೆ. ಮದುವೆಯ ಖರ್ಚಿಗೆಂದು ಅವನು ಒಂದು ಫೈನಾನ್ಸಿನಿಂದ ಪಡೆದ ಸಾಲದ ಎದುರು 'ಸೆಟಲ್ಡ್' ಎಂದು ಬಿದ್ದಿತ್ತು. ಪೂರ್ತಿ ತೀರಿಸಿದರೆ 'ಕ್ಲೋಸ್ಡ್'. ಕಡಿಮೆ ಕೊಟ್ಟು ಮುಗಿಸಿಕೊಂಡರೆ 'ಸೆಟಲ್ಡ್'. ಕೇಳುವುದಕ್ಕೆ ಎರಡೂ ಒಂದೇ. ಬ್ಯಾಂಕಿಗೆ ಎರಡನೆಯದು ಕಳಂಕ.

ಆ ಸಾಲವನ್ನು ಮುಗಿಸಿದವನು ನಾನು. ಕೊರೊನಾ ಕಾಲದಲ್ಲಿ ಮಗನ ಸಂಬಳ ನಿಂತು ಕಂತುಗಳು ತಪ್ಪಿದ್ದವು. ವಸೂಲಿಯವನು ಹರಿಹರದ ಮನೆಗೆ ಬಂದ. ಅವನು ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಕೊನೆಗೆ ಬಾಕಿಯ ಅರ್ಧಕ್ಕೆ ಇಳಿಸಿದೆ. ಮಗನಿಂದ ಸಹಿ ಹಾಕಿಸಿ ಹಣ ಕಟ್ಟಿದೆ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಒಂದು ತಿಂಗಳು ಅದೇ ಬಡಾಯಿ. "ಫೈನಾನ್ಸಿನೋರು ಅಂದ್ರೇನು, ಅವರೂ ವ್ಯಾಪಾರಸ್ಥರೇ!" ಎನ್ನುತ್ತಿದ್ದೆ.

ಬ್ಯಾಂಕಿನಿಂದ ಬಂದ ದಿನದಿಂದ ಗಂಡ ಹೆಂಡತಿ ಇಬ್ಬರೂ ವಸೂಲಿಯವನನ್ನು ಬೈಯುತ್ತಿದ್ದರು. ನಾನು ಅನ್ನದ ತಟ್ಟೆ ನೋಡುತ್ತ ಸುಮ್ಮನಿರುತ್ತಿದ್ದೆ. ಒಂದು ಸಂಜೆ ರೇಖಾ ನನ್ನ ಪಕ್ಕ ಬಂದು ಕೂತಳು.

"ಮಾವ, ಅವನು ಈಗ್ಲೂ ಅದೇ ಆಫೀಸ್‌ನಾಗೆ ಇದಾನಂತೆ. ಅವನ ಮ್ಯಾಲೆ ಕಂಪ್ಲೇಂಟ್ ಕೊಡ್ತೀವಿ. ಹಿಂಗಾಗ್ತೈತೆ ಅಂತ ಒಂದು ಮಾತೂ ಹೇಳ್ಲಿಲ್ಲ ಅಂತ ನೀವು ಸಾಕ್ಷಿ ಹೇಳ್ಬೇಕು."

"ಹೇಳಿದ್ದ" ಎಂದೆ.

"ಯಾರು?"

"ಅವನು. ಅರ್ಧಕ್ಕೆ ಮುಗಿಸಿದ್ರೆ ಮುಂದೆ ನಿಮ್ಮ ಹುಡುಗನಿಗೆ ಮನೆ ಸಾಲಕ್ಕೆ ತ್ರಾಸಾಗ್ತೈತೆ, ಮಗನ್ನ ಒಂದು ಮಾತು ಕೇಳ್ರಿ ಅಂತ ಎರಡು ಸಲ ಹೇಳಿದ್ದ. ರೇಟು ಇಳಿಸ್ಬಾರ್ದು ಅಂತ ಹೆದರಿಸ್ತಾನೆ ಅನ್ಕಂಡೆ. ನಿಮಗ್ಯಾರಿಗೂ ಹೇಳ್ಲಿಲ್ಲ."

ಚೌಕಾಸಿಯಲ್ಲಿ ಎದುರಿನವನು ಆಡುವ ಮಾತನ್ನೆಲ್ಲ ಅರ್ಧಕ್ಕೆ ಇಳಿಸಿ ಕೇಳಿಯೇ ನನಗೆ ಅಭ್ಯಾಸ. ನಿಜ ಹೇಳುವವನು ಎದುರು ಕೂತಾಗಲೂ ಹಾಗೆಯೇ ಕೇಳಿದ್ದೆ.

ಪ್ರಶಾಂತ ಅಲ್ಲೇ ಕೂತು ಕೇಳುತ್ತಿದ್ದ. "ಆರು ತಿಂಗ್ಳು ಟೈಮ್ ಕೇಳು, ಪೂರ್ತಿ ಕಟ್ತೀನಿ ಅಂತ ಆವತ್ತೇ ನಾ ಹೇಳಿದ್ದೆ ಅಪ್ಪ. ನೀನು ನಕ್ಕಿದ್ದೆ" ಎಂದು ಎದ್ದುಹೋದ. ಅನಂತರದ ದಿನಗಳಲ್ಲಿ ಊಟಕ್ಕೆ ಕರೆಯುತ್ತಿದ್ದ, ಮಾತ್ರೆ ತಂದಿಡುತ್ತಿದ್ದ, ಮುಖ ಮಾತ್ರ ನೋಡುತ್ತಿರಲಿಲ್ಲ. ಬೀಗ ಹಾಕಿದ ಬಾಗಿಲಿಗಿಂತ ಅದು ಕಷ್ಟವಾಗಿತ್ತು.

ದಾರಿ ಹುಡುಕಿದವಳು ರೇಖಾ. ಅಂದು ಬಿಡಿಸಿಕೊಂಡ ಬಾಕಿಯನ್ನು ಈಗ ಕಟ್ಟಿ, ಬಾಕಿಯಿಲ್ಲವೆಂಬ ಪತ್ರ ಪಡೆದರೆ 'ಸೆಟಲ್ಡ್' ಹೋಗಿ 'ಕ್ಲೋಸ್ಡ್' ಎಂದಾಗುತ್ತದಂತೆ. ಆಮೇಲೆ ಸಣ್ಣ ಕಾರ್ಡೊಂದರಲ್ಲಿ ಸ್ವಲ್ಪವೇ ಖರ್ಚು ಮಾಡಿ, ತಿಂಗಳು ತಿಂಗಳು ತಪ್ಪದೆ ಕಟ್ಟುತ್ತ ಹೋದರೆ ಅಂಕ ನಿಧಾನವಾಗಿ ಏರುತ್ತದೆ. ಅವರ ಉಳಿತಾಯ ಮನೆಯ ಮುಂಗಡಕ್ಕೆ ಬೇಕಿತ್ತು. ಹರಿಹರದ ಭೋಗ್ಯ ಬಿಡಿಸುತ್ತೇನೆ ಎಂದೆ.

"ಅದೊಂದು ಬ್ಯಾಡ ಮಾವ" ಎಂದಳು. "ನಿಮಗೂ ಅಂತ ಒಂದು ಊರು ಇರ್ಲಿ."

ಆ ಮಾತಿಗೆ ಕಣ್ಣು ತುಂಬಿತು. ಆದರೂ ಹೋದೆ. ಪಾತ್ರೆಗಳನ್ನು ಅಕ್ಕಪಕ್ಕದವರಿಗೆ ಕೊಟ್ಟು, ಹೆಂಡತಿಯ ರೊಟ್ಟಿ ಹಂಚನ್ನು ಚೀಲಕ್ಕೆ ಹಾಕಿಕೊಂಡೆ. ಕೀಲಿ ಮಾಲೀಕರ ಕೈಗಿಟ್ಟು ಸೇತುವೆಯ ತನಕ ನಡೆದು ತುಂಗಭದ್ರೆಯನ್ನು ನೋಡುತ್ತ ನಿಂತೆ. ಗುರುತಿನವರೊಬ್ಬರು ಸೈಕಲ್ ನಿಲ್ಲಿಸಿ, "ಯಾವಾಗ ಬಂದ್ರಿ ಚಂದ್ರಣ್ಣ? ಎಷ್ಟು ದಿನ ಇರ್ತೀರಿ?" ಎಂದು ಕೇಳಿದರು. ನಂಟರನ್ನು ಕೇಳುವ ಹಾಗೆ.

ಫೈನಾನ್ಸಿನ ಕಚೇರಿಗೆ ಮಗನ ಜೊತೆ ನಾನೂ ಹೋದೆ. ಆ ವಸೂಲಿಯವನು ಅಲ್ಲೇ ಇದ್ದ. ಅವನ ಮುಂದೆ ನಿಂತು "ಆವತ್ತು ನೀ ಹೇಳಿದ್ದು ಖರೇ ಇತ್ತಪ್ಪ" ಎಂದೆ. ಅವನಿಗೆ ನನ್ನ ನೆನಪೇ ಇರಲಿಲ್ಲ. ಕೌಂಟರಿನಲ್ಲಿದ್ದ ಹೆಣ್ಣುಮಗಳು ಲೆಕ್ಕ ಹೇಳಿ, "ಬಡ್ಡಿ ಸ್ವಲ್ಪ ಕಡಿಮೆ ಮಾಡ್ತಾರೇನೋ ಸಾಹೇಬ್ರನ್ನ ಕೇಳ್ಲಾ ಅಜ್ಜಾರೆ?" ಎಂದಳು. ಚೌಕಾಸಿಗೆ ನಾಲಿಗೆ ತುರಿಸಿತು. ಮಗ ನನ್ನನ್ನೇ ನೋಡುತ್ತಿದ್ದ.

"ಬ್ಯಾಡಮ್ಮ. ಪೂರ್ತಿ ತಗೋ" ಎಂದೆ. ನನ್ನ ಆಯುಷ್ಯದಲ್ಲಿ ಹೇಳಿದ ಬೆಲೆಗೆ ಒಪ್ಪಿಕೊಂಡಿದ್ದು ಅದೇ ಮೊದಲು.

ಚಹಾದಂಗಡಿಯಲ್ಲಿ ನನ್ನ ಬಡಾಯಿ ಕೇಳಿ ತಾವೂ ಅರ್ಧಕ್ಕೆ ಮುಗಿಸಿಕೊಂಡವರು ಹರಿಹರದಲ್ಲಿ ಇದ್ದಾರೆ. ಇದನ್ನು ಬರೆದದ್ದು ಅವರಿಗಾಗಿಯೂ ಹೌದು. ಈಗಲೂ ಸರಿಪಡಿಸಬಹುದು, ಹೋಗಿ ಕೇಳಿ.

ಮೊದಲು ಸಾಲ ಕೇಳುವಾಗ ಮಗ ಸೊಸೆ ನೋಡಿಟ್ಟಿದ್ದ ಮನೆ ಬೇರೆಯವರ ಪಾಲಾಯಿತು. ಅಂಕ ಮೇಲೇರಿ ಬ್ಯಾಂಕು ಒಪ್ಪುವಷ್ಟರಲ್ಲಿ ವರ್ಷ ಕಳೆಯಿತು. ಮೊನ್ನೆ ಭಾನುವಾರ ಬಾತಿಯ ಹತ್ತಿರ ಒಂದು ಸಣ್ಣ ಮನೆ ನೋಡಲು ಹೋಗಿದ್ದೆವು. ಬಾತಿ ಇರುವುದು ಹರಿಹರದ ರಸ್ತೆಯಲ್ಲೇ. ಮನೆಯ ಮಾಲೀಕರು ಬೆಲೆ ಹೇಳಿದರು. ಪ್ರಶಾಂತ ರೇಖಾಳ ಮುಖ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

"ಅಪ್ಪ, ನೀನು ಮಾತಾಡು."

ನಾನು ಒಂದು ಹೆಜ್ಜೆ ಮುಂದೆ ಬಂದೆ.

"ಯಾವೂರ್ರಿ ಯಜಮಾನ್ರೆ ನಿಮ್ದು?" ಎಂದರು ಮಾಲೀಕರು.

ಕೈ ತಾನಾಗಿಯೇ ಚೀಲ ಎತ್ತಿತ್ತು. ಬಸ್ಸಿಗೆ ಹೊತ್ತಾಯಿತು ಎಂಬ ಮಾತು ಬಾಯಿಗೆ ಬಂದೇ ಬಿಟ್ಟಿತ್ತು. ಚೀಲ ಕೆಳಗಿಟ್ಟೆ.

"ಹರಿಹರದೋನು. ಈಗ ಇಲ್ಲೇ ಇರ್ತೀನ್ರಿ. ನನಗೇನೂ ಅವಸರ ಇಲ್ಲ, ಕೂತು ಮಾತಾಡಾಣ" ಎಂದೆ.

ಅವರು ಕುರ್ಚಿ ತರಲು ಒಳಗೆ ಹೋದರು. ಅಷ್ಟರಲ್ಲಿ ರಸ್ತೆಯ ಮೇಲೆ ಹರಿಹರದ ಬಸ್ಸೊಂದು ಹಾದುಹೋಯಿತು. ಗುರುತಿನವರು ಯಾರಾದರೂ ಇದ್ದಾರೇನೋ ಎಂದು ನಾನು ಅದರ ಕಿಟಕಿಗಳನ್ನೆಲ್ಲ ನೋಡಿದೆ.