ಚಿತ್ರದ ಬೆನ್ನು

ಗಾಲಿಯಕ್ಕ ಎಂದು ಆಕೆಗೆ ಹೆಸರಿಟ್ಟವರು ಬಸ್ ಡಿಪೋದ ಡ್ರೈವರುಗಳು. ಕಂಡಕ್ಟರ್ ಆಗಿ ಸೇರಿದಂದಿನಿಂದ ಆಕೆ ತನ್ನ ಸೀಟಿನಲ್ಲಿ ನೆಟ್ಟಗೆ ಕೂತದ್ದನ್ನು ಕಂಡವರಿಲ್ಲ. ಬಸ್ಸು ಖಾಲಿಯಿದ್ದರೂ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಓಡಾಡುವುದೇ. ಮನೆಯ ವಿಷಯದಲ್ಲೂ ಅಷ್ಟೇ. ಒಂದು ಬಾಡಿಗೆ ಮನೆಗೆ ಸಾಮಾನು ಇಳಿಸಿ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಮನೆಯ ಹುಡುಕಾಟ. ನೀರು ಸರಿಯಿಲ್ಲ, ಪಕ್ಕದ ಮನೆಯವರು ಸರಿಯಿಲ್ಲ, ಎಲ್ಲವೂ ಸರಿಯಿದ್ದರೆ ಅದೇ ಸರಿಯಿಲ್ಲ. ‘ಮದುವೆಯಾಗಿದ್ರೆ ಗಂಡನ್ನೂ ವರ್ಷಕ್ಕೊಂದ್ಸಲ ಬದಲಾಯಿಸ್ತಿದ್ಲು’ ಎಂದು ಡಿಪೋದಲ್ಲಿ ಯಾರಾದರೂ ಕಾಲೆಳೆದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಆಕೆಯೇ.

ಅಷ್ಟೂ ಮನೆಗಳಿಗೆ ಆಕೆಯ ಜೊತೆ ತಪ್ಪದೆ ಬಂದದ್ದು ಅಪ್ಪನಿಂದ ಉಳಿದ ಒಂದು ದೊಡ್ಡ ಚಿತ್ರ. ಊರಿನವರೆಲ್ಲ ಕಣ್ಣು ಮುಚ್ಚಿಕೊಂಡು ಗುರುತಿಸುವ ಹಳೇ ಪೋಸ್ಟಾಫೀಸಿನದು. ಕೆಂಪು ಇಟ್ಟಿಗೆ, ಕಮಾನು, ಮೇಲೊಂದು ಗಡಿಯಾರ. ಅಪ್ಪ ಆ ಪೋಸ್ಟಾಫೀಸಿನ ಮೆಟ್ಟಿಲ ಬುಡದಲ್ಲಿ ಕೂತು, ಜನ ತರುವ ಪಾರ್ಸೆಲ್‌ಗಳಿಗೆ ಬಿಳಿ ಬಟ್ಟೆ ಸುತ್ತಿ, ದಬ್ಬಳದಲ್ಲಿ ಹೊಲಿದು, ಅರಗಿನ ಮುದ್ರೆ ಒತ್ತಿಕೊಡುತ್ತಿದ್ದ. ಎದುರಿನ ಫುಟ್‌ಪಾತಿನಲ್ಲಿ ನಿಂತು ಚಿತ್ರ ಬರೆಯುತ್ತಿದ್ದ ಕಲಾವಿದನೊಬ್ಬನಿಗೆ ದಿನವೂ ನೀರು ಕೊಟ್ಟ, ಮಳೆ ಬಂದಾಗ ತನ್ನ ಛತ್ರಿ ಕೊಟ್ಟ. ಆ ಪುಣ್ಯಾತ್ಮ ಊರು ಬಿಡುವಾಗ ಚಿತ್ರವನ್ನು ಅಪ್ಪನಿಗೇ ಕೊಟ್ಟು ಹೋದ. ಮನೆಗೆ ತಂದು ನೋಡಿದರೆ ಪಾರಿವಾಳಗಳಿವೆ, ಗಡಿಯಾರದ ಮುಳ್ಳಿದೆ, ಅಪ್ಪ ಮಾತ್ರ ಇಲ್ಲ. ಅವನು ಕೂರುವ ಜಾಗದಲ್ಲಿ ಒಂದು ಹೂಕುಂಡ.

‘ಹೂಕುಂಡ ಮಾಡಿದಾನೆ ನನ್ನ. ಬಡ್ತಿ ಸಿಕ್ತು ಬಿಡು’ ಎಂದು ಅಪ್ಪ ನಕ್ಕ.

ಆಮೇಲೆ ಚಿತ್ರವನ್ನು ಬೋರಲು ಹಾಕಿ, ಹಿಂದೆ ಧೂಳು ಸೇರದಿರಲೆಂದು ಬಿಳಿ ಬಟ್ಟೆ ಹೊಲಿಯಲು ಕೂತ. ಆಗ ಆಕೆಗೂ ತಮ್ಮನಿಗೂ ಬಟ್ಟೆಯ ಎರಡು ತುದಿ ಹಿಡಿಯುವ ಕೆಲಸ.

‘ಬಿಗಿಯಾಗಿ ಹಿಡ್ಕೊಳ್ರೋ. ಸಡಿಲ ಬಿಟ್ರೆ ದಾರೀಲಿ ಹೊಟ್ಟೆ ಬಿಚ್ಕೊಳ್ಳುತ್ತೆ.’

‘ಇದೇನು ಪಾರ್ಸೆಲ್ಲಾ ಅಪ್ಪಾ? ಎಲ್ಲಿಗೂ ಹೋಗಲ್ವಲ್ಲ’ ಎಂದ ತಮ್ಮ.

‘ಯಾರಿಗ್ಗೊತ್ತು’ ಎಂದು ಅಪ್ಪ ನಾಲ್ಕು ಮೂಲೆಗೂ ಅರಗು ಒತ್ತಿದ.

ಅಪ್ಪ ಹೋದ ಮೇಲೆ ಚಿತ್ರ ಆಕೆಯ ಪಾಲಿಗೆ ಬಂತು. ಆದರೆ ಬಾಡಿಗೆ ಮನೆಯ ಮಾಲೀಕರೆಲ್ಲ ಒಂದೇ ಗುರುವಿನ ಶಿಷ್ಯರು. ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ. ಬಿಸಿಲಿಗೆ ಬಣ್ಣ ಹೋದೀತೆಂದು ಆಕೆ ಚಿತ್ರವನ್ನು ಗೋಡೆಗೆ ಮುಖ ಮಾಡಿ ಮಂಚದ ಎದುರು ಒರಗಿಸಿಡುತ್ತಿದ್ದಳು. ಬೆಳಿಗ್ಗೆ ಕಣ್ಣು ಬಿಟ್ಟರೆ ಅದರ ಬೆನ್ನೇ ಕಾಣುತ್ತಿತ್ತು.

ಈ ವರ್ಷ ತಮ್ಮ ಸ್ವಂತ ಮನೆ ಕಟ್ಟಿದ. ನಡುಮನೆಯಲ್ಲಿ ದೊಡ್ಡದೊಂದು ಖಾಲಿ ಗೋಡೆ.

‘ಅಕ್ಕಾ, ನಿನ್ನ ಹತ್ರ ಅದು ಶಾಲೇಲಿ ಶಿಕ್ಷೆ ಕೊಟ್ಟ ಹಾಗೆ ಗೋಡೆಗೆ ಮುಖ ಮಾಡ್ಕೊಂಡು ನಿಂತಿದೆ. ನಮ್ಮನೇಲಿ ಹಾಕೋಣ, ನಾಲ್ಕು ಜನ ನೋಡ್ಲಿ.’

ಮಾತು ನ್ಯಾಯವಾಗಿತ್ತು. ‘ಶಾಶ್ವತವಾಗಿ ನೀನೇ ಇಟ್ಕೋ’ ಎಂದು ಆಕೆ ತುಂಬು ಮನಸ್ಸಿನಿಂದಲೇ ಕೊಟ್ಟಳು. ಮನೆ ಬದಲಾಯಿಸುವಾಗ ಒಂದು ಹೊರೆ ಕಡಿಮೆಯಾಯಿತೆಂದೂ ಅಂದುಕೊಂಡಳು.

ಅಲ್ಲಿಂದ ಶುರುವಾಯಿತು ನೋಡಿ. ಮೊದಲೇ ಕೂತಲ್ಲಿ ಕೂರದ ಹೆಂಗಸು, ಈಗ ನಿಂತಲ್ಲಿ ನಿಲ್ಲಲಾರದಾದಳು. ಮೈಮೇಲೆ ಇರುವೆ ಬಿಟ್ಟ ಹಾಗೆ ಚಡಪಡಿಕೆ. ಹೊಸ ಮನೆ ನೋಡಿದಳು, ಮಂಚದ ದಿಕ್ಕು ಬದಲಾಯಿಸಿದಳು. ಸಕ್ಕರೆ ಡಬ್ಬ ಮರೆತೆ, ಛತ್ರಿ ಬಿಟ್ಟೆ ಎಂಬ ನೆಪಗಳಲ್ಲಿ ತಮ್ಮನ ಮನೆಗೆ ಹೋಗಿ ಚಿತ್ರದ ಮುಂದೆ ನಿಂತಳು. ಚೆನ್ನಾಗಿತ್ತು, ಇಲ್ಲವೆನ್ನುವ ಹಾಗಿಲ್ಲ. ಆದರೆ ಆ ಕಟ್ಟಡವನ್ನು ಆಕೆ ದಿನಕ್ಕೆ ಎಷ್ಟೋ ಸಲ ಬಸ್ಸಿನಿಂದಲೇ ನೋಡುತ್ತಿದ್ದಳು. ಗೋಡೆಯ ಮೇಲಿನದೂ ಅದೇ. ತಾನೇನು ಹುಡುಕಿಕೊಂಡು ಬಂದೆನೋ ಅದು ಅಲ್ಲಿರಲಿಲ್ಲ. ಕೊಟ್ಟದ್ದಕ್ಕೆ ಹೊಟ್ಟೆಯುರಿಯೇ ಎಂದು ತನ್ನ ಮೇಲೇ ಸಿಟ್ಟು ಬಂತು.

ಒಂದು ಮಧ್ಯಾಹ್ನ ಬಸ್ಸು ಕೊನೆಯ ನಿಲ್ದಾಣದಲ್ಲಿದ್ದಾಗ ತಮ್ಮನ ಹೆಂಡತಿಯ ಫೋನ್ ಬಂತು.

‘ಅಕ್ಕಾ, ಇವತ್ತು ಚಿತ್ರ ನೋಡೋಕೆ ಬಂದ್ರೆ ಇರಲ್ಲ. ಇವರು ಬೆಳಿಗ್ಗೆನೇ ನಿಮ್ಮ ಡಿಪೋ ಹತ್ರದ ಫ್ರೇಮ್ ಅಂಗಡಿಗೆ ಕೊಟ್ಟು ಬಂದ್ರು. ಹಿಂದಿರೋ ಆ ಹಳೇ ಬಟ್ಟೆ ಕಿತ್ತು ಪ್ಲೈವುಡ್ ಹೊಡೀತಾರಂತೆ.’

ಇಷ್ಟು ದಿನ ಏನು ಕಳೆದುಹೋಗಿದೆಯೆಂದು ಹುಡುಕುತ್ತಿದ್ದಳೋ ಅದು ಆ ಕ್ಷಣ ಗೊತ್ತಾಯಿತು. ಚಿತ್ರದ ಮುಖ ಬರೆದವನು ಯಾರೋ. ಅಪ್ಪನಿದ್ದದ್ದು ಬೆನ್ನಲ್ಲಿ. ಅಂಗಡಿಯ ನಂಬರು ಇಬ್ಬರಲ್ಲೂ ಇರಲಿಲ್ಲ, ತಮ್ಮ ಫೋನ್ ಎತ್ತಲಿಲ್ಲ. ಬಸ್ಸಿನ ತುಂಬ ಜನ, ಬಿಟ್ಟು ಓಡುವ ಹಾಗಿಲ್ಲ.

‘ಸ್ವಲ್ಪ ಬೇಗ ಬಿಡಣ್ಣಾ’ ಎಂದು ಡ್ರೈವರಿಗೆ ಹೇಳಿದಳು.

‘ರೆಕ್ಕೆ ತಂದ್ಕೊಡು, ಹಾರಿಸ್ತೀನಿ’ ಎಂದ ಅವನು.

‘ಹಳೇ ಪೋಸ್ಟಾಫೀಸ್! ಹಳೇ ಪೋಸ್ಟಾಫೀಸ್!’ ಎಂದು ಎಂದಿನಂತೆ ಕೂಗಿದಳು. ಮೆಟ್ಟಿಲ ಬುಡದಲ್ಲಿ ಈಗ ಯಾರದೋ ಸ್ಕೂಟರ್ ನಿಂತಿತ್ತು.

ಡ್ಯೂಟಿ ಒಪ್ಪಿಸಿ, ಬಿದ್ದೆನೋ ಕೆಟ್ಟೆನೋ ಎಂದು ಅಂಗಡಿಗೆ ಓಡಿದಾಗ ಚಿತ್ರ ಮೇಜಿನ ಮೇಲೆ ಬೋರಲು ಬಿದ್ದಿತ್ತು. ಮೂರು ಬದಿಯ ಹೊಲಿಗೆ ಕತ್ತರಿಸಿಯಾಗಿತ್ತು. ಅರಗಿನ ಚೂರು ನೆಲದಲ್ಲಿತ್ತು. ಫ್ರೇಮಿನವನು ನಾಲ್ಕನೆಯ ಬದಿಗೆ ಬ್ಲೇಡ್ ಹಿಡಿದಿದ್ದ.

‘ಅದನ್ನ ಮುಟ್ಟಬೇಡಿ!’

ಅವನು ಬೆಚ್ಚಿ ಕೈ ತೆಗೆದ. ‘ಏನಮ್ಮಾ ಇದು, ಹೆದರಿಸ್ಬಿಟ್ರಿ. ಗೋಡೆ ಕಡೆ ಇರೋದು ಯಾರಿಗ್ರೀ ಕಾಣ್ಸುತ್ತೆ?’

‘ನನಗೆ’ ಎಂದಳು ಗಾಲಿಯಕ್ಕ.

ಚಿತ್ರವನ್ನು ಆಟೋದಲ್ಲಿ ಹೇರಿಕೊಂಡು ಬಾಡಿಗೆ ಮನೆಗೇ ತಂದಳು. ಸಂಜೆ ತಮ್ಮ ಕೆಂಡವಾಗಿ ಬಂದ. ‘ಕೊಟ್ಟಿದ್ದನ್ನ ವಾಪಸ್ ತಗೊಳ್ಳೋದಾ ಅಕ್ಕಾ? ನಿಂಗೆ ಚಿತ್ರ ಬೇಕಿತ್ತು ಅಂದ್ರೆ ಬಾಯಿಬಿಟ್ಟು ಹೇಳೋಕೇನು ರೋಗ?’

ಆಕೆ ನೆಲದ ಮೇಲೆ ಕೂತಿದ್ದಳು. ಎದುರಿಗೆ ಬೋರಲು ಚಿತ್ರ, ಕೈಯಲ್ಲಿ ದಬ್ಬಳ, ದಾರ. ಬಟ್ಟೆಯ ಅಂಚಿನಲ್ಲಿ ಅಪ್ಪ ಮಾಡಿದ ತೂತುಗಳು ಒಂದರ ಪಕ್ಕ ಒಂದು ಹಾಗೇ ಇದ್ದವು. ಅವುಗಳೊಳಗೇ ದಾರ ತೂರಿಸಲು ಹೆಣಗುತ್ತಿದ್ದಳು. ಬಟ್ಟೆ ಜಾರುತ್ತಿತ್ತು, ಹೊಲಿಗೆ ಸೊಟ್ಟಗಾಗುತ್ತಿತ್ತು, ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು.

‘ಚಿತ್ರ ನಿಂದೇನೇ ಕಣೋ. ಇದೊಂದು ಮುಗೀಲಿ, ತಗೊಂಡ್ಹೋಗು’ ಎಂದಳು ತಲೆ ಎತ್ತದೆ. ‘ಬರೀ ಪ್ಲೈವುಡ್ ಹೊಡೀಬೇಡ.’

ಕತ್ತರಿಸದೆ ಉಳಿದಿದ್ದ ಬದಿಯ ಹೊಲಿಗೆಯನ್ನೇ ನೋಡುತ್ತ ತಮ್ಮ ನಿಂತ. ಒಂದು ಮೂಲೆಯ ಅರಗಿನಲ್ಲಿ ಪುಟ್ಟ ಬೆರಳಿನ ಗುರುತೊಂದಿತ್ತು. ಅಂದು ಅರಗು ಆರುವ ಮೊದಲೇ ಮುಟ್ಟಿ, ಸುಟ್ಟುಕೊಂಡು, ಮನೆ ಹಾರಿಹೋಗುವ ಹಾಗೆ ಕಿರುಚಿದ್ದವನು ಅವನೇ. ಅವನು ಚಪ್ಪಲಿ ಬಿಟ್ಟು ಬಂದು ಎದುರಿಗೆ ಕೂತು ಬಟ್ಟೆಯ ಎರಡೂ ತುದಿ ಹಿಡಿದ.

‘ಬಿಗಿಯಾಗಿ ಹಿಡ್ಕೋ’ ಎಂದಳು ಅಕ್ಕ.

‘ಹಿಡ್ಕೊಂಡಿದೀನಿ. ನೀನು ಹೊಲಿ.’

ಮೂರು ಬದಿಯೂ ಮುಗಿಯುವವರೆಗೆ ಗಾಲಿಯಕ್ಕ ಒಂದು ಸಲವೂ ಮೇಲೇಳಲಿಲ್ಲ.