ಆರುನೂರ ನಲವತ್ತೊಂದು ಮಂದಿಯ ಬೀಗದಕೈ ಅಕ್ಕ

ಬೆಳಗಿನ ಐದೂಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ಮಹಡಿ ಮನೆಯ ಹಿಂದಿನ ಕೋಣೆಯಲ್ಲಿ ಐವತ್ತಮೂರರ ಹೆಂಗಸೊಬ್ಬರು ಮೇಜಿನ ಮೇಲಿನ ಪುಟ್ಟ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ನೋಡುತ್ತಾರೆ, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ಪೆಟ್ಟಿಗೆ ಊಟದ ಡಬ್ಬಿಗಿಂತ ದೊಡ್ಡದೇನಲ್ಲ. "ಬಿಸಿ ಇಲ್ಲ, ಚೆನ್ನಾಗಿದೆ," ಎಂದು ತಮಗೇ ಹೇಳಿಕೊಂಡು, ಒಂದು ಡಿಸ್ಕ್ ಸಿಕ್ಕಿಸಿ ಒಳಗಿರುವುದೆಲ್ಲದರ ನಕಲು ತೆಗೆಯುತ್ತಾರೆ. ಅದು ಮುಗಿಯುವವರೆಗೆ ಚಹಾ ಇಲ್ಲ. ಅಡುಗೆಮನೆಯಿಂದ ಗಂಡನ ಕೂಗು ಕೇಳುತ್ತದೆ: "ಡಬ್ಬಿಯ ಉಪಚಾರ ಆಯ್ತೇನೇ? ಈ ಕಡೆನೂ ಒಂದು ಸಂಸಾರ ಇದೆ!"

ಆ ಡಬ್ಬಿಯೊಳಗೆ ಆರುನೂರ ನಲವತ್ತೊಂದು ಜನ ಇದ್ದಾರೆ. ಹಾಸಿಗೆ ಹಿಡಿದವರನ್ನು ಮನೆಯಲ್ಲೇ ನೋಡಿಕೊಳ್ಳುವವರು, ಹಾಸಿಗೆ ಹಿಡಿದ ಕೆಲವರು ಕೂಡ. ದೊಡ್ಡ ಕಂಪನಿಯ ಜಾಲತಾಣವನ್ನು ಬಿಟ್ಟು ಬಂದು ಇಲ್ಲಿ ಬರೆಯುತ್ತಾರೆ, ಕೇಳುತ್ತಾರೆ, ಜಗಳವಾಡುತ್ತಾರೆ, ನಗುತ್ತಾರೆ. ಇದಕ್ಕೆ ಮಾಲೀಕರಿಲ್ಲ, ಜಾಹೀರಾತಿಲ್ಲ. ಇರುವುದು ಇವರೊಬ್ಬರು. ಎಲ್ಲರೂ ಇವರನ್ನು ಬೀಗದಕೈ ಅಕ್ಕ ಎನ್ನುತ್ತಾರೆ. ಒಂಬತ್ತರಿಂದ ಆರರವರೆಗೆ ಇವರು ಕನ್ನಡಕದಂಗಡಿಯ ಹಿಂಬದಿಯಲ್ಲಿ ಕೂತು, ದಿನಕ್ಕೆ ನಲವತ್ತು ಜೊತೆ ಗಾಜುಗಳ ಅಂಚು ಉಜ್ಜಿ ಚೌಕಟ್ಟಿಗೆ ಕೂರಿಸುತ್ತಾರೆ. ಅಂಗಡಿಯಲ್ಲಿ ಯಾರಿಗೂ ಈ ಡಬ್ಬಿಯ ಸುದ್ದಿ ಗೊತ್ತಿಲ್ಲ.

ಇದು ಅತ್ತೆ ಮಲಗಿದ್ದ ಕೋಣೆ. ಆರು ವರ್ಷ ಮಲಗಿದ್ದರು. ಆಗ ಅಕ್ಕನಿಗಿದ್ದ ಒಡನಾಡಿಗಳೆಂದರೆ ದೊಡ್ಡ ಜಾಲತಾಣದಲ್ಲಿ ಇಂಥದೇ ಪಾಡಿನವರ ಒಂದು ಗುಂಪು. "ಅತ್ತೆ ಬೆನ್ನಲ್ಲಿ ಹುಣ್ಣಾಗಿದೆ ಅಂತ ಒಂದು ಸಲ ಬರೆದೆ. ಅವತ್ತಿಂದ ಹಾಸಿಗೆ, ಮುಲಾಮು, ಡಯಾಪರ್, ಬರೀ ಅದೇ ಜಾಹೀರಾತು. ಅತ್ತೆ ಹೋಗಿ ಎರಡು ತಿಂಗಳಾದ್ರೂ ನಿಲ್ಲಲಿಲ್ಲ. ಫೋನ್ ತೆಗೆದ್ರೆ ಸಾಕು, ಅಳು ಬರ್ತಿತ್ತು," ಎನ್ನುತ್ತಾರೆ.

ಆದರೂ ಅಲ್ಲೇ ಇದ್ದರು, ಗೆಳೆಯರೆಲ್ಲ ಅಲ್ಲಿದ್ದರಲ್ಲ. ಬಿಡಿಸಿದ್ದು ಡ್ರೈವರಣ್ಣನ ಪ್ರಶ್ನೆ. ಪಾರ್ಶ್ವವಾಯುವಾಗಿ ಮಾತು ಹೋದ ಹೆಂಡತಿಯನ್ನು ನೋಡಿಕೊಳ್ಳಲೆಂದು ಲಾರಿ ಬಿಟ್ಟು ಮನೆಯಲ್ಲಿ ಕೂತವರು ಅವರು. ಊಟದ ನಳಿಕೆ ಕಳಚಿಬಿದ್ದಿದೆ, ಏನು ಮಾಡಲಿ ಎಂದು ಅವರು ಗುಂಪಿನಲ್ಲಿ ಕೇಳಿದ್ದು ಅಕ್ಕನ ಕಣ್ಣಿಗೆ ಬಿದ್ದದ್ದು ನಾಲ್ಕನೆಯ ದಿನ. ಅಷ್ಟರಲ್ಲಿ ಆಕೆ ಆಸ್ಪತ್ರೆ ಸೇರಿಯಾಗಿತ್ತು. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. "ಆ ನಾಲ್ಕು ದಿನ ನನಗೆ ತೋರಿಸಿದ್ದೆಲ್ಲ ಯಾರದೋ ಬೆಕ್ಕಿನ ಕುಣಿತ. ಯಾವುದು ಮೊದಲು, ಯಾವುದು ಆಮೇಲೆ ಅಂತ ಯಾರೋ ಕೂತು ತೀರ್ಮಾನ ಮಾಡ್ತಾರಲ್ಲ, ಅದನ್ನ ಸಹಿಸೋಕಾಗಲಿಲ್ಲ."

ಕಂಪ್ಯೂಟರ್ ಓದಿದವರಲ್ಲ ಅಕ್ಕ. ಹನ್ನೊಂದು ತಿಂಗಳು, ಪ್ರತಿದಿನ ಬೆಳಗ್ಗೆ ಒಂದೊಂದು ಗಂಟೆ ಕೂತು ಕಲಿತರು. ಒಂದೇ ದೊಡ್ಡ ಕಟ್ಟಡದ ಬದಲು ಸಾವಿರಾರು ಸಣ್ಣ ಮನೆಗಳಿರುವ ಜಾಲವಿದು. ಇಂಥ ಒಂದೊಂದು ಕಂಪ್ಯೂಟರ್ ಡಬ್ಬಿಯೂ ಒಂದೊಂದು ಮನೆ. ಪ್ರತಿ ಮನೆಗೂ ಅದರದೇ ಯಜಮಾನಿಕೆ, ಮನೆಯಿಂದ ಮನೆಗೆ ಮಾತು ಹೋಗುತ್ತದೆ. ಅಕ್ಕನ ಮನೆಯಲ್ಲಿ ಮೊದಲು ಬರೆದದ್ದು ಮೊದಲು ಕಾಣುತ್ತದೆ, ಅಷ್ಟೇ ನಿಯಮ. ಸೇರಬೇಕಾದರೆ ಒಂದೇ ಪ್ರಶ್ನೆ: ನೀವು ಯಾರನ್ನು ನೋಡಿಕೊಳ್ಳುತ್ತಿದ್ದೀರಿ? ಆ ಉತ್ತರಗಳನ್ನು ಒಂದೂ ಬಿಡದೆ ಅಕ್ಕ ಓದಿದ್ದಾರೆ. ಯಾವ ಜಾಲತಾಣದ ನಿಯಮಾವಳಿಯನ್ನೂ ಓದದೆ 'ಒಪ್ಪಿದೆ' ಎಂದು ಒತ್ತಿರುವ ನನ್ನಂಥವನಿಗೆ ಇದನ್ನು ಕೇಳಿ ನಾಚಿಕೆಯಾಯಿತು.

ಕೆಲಸಕ್ಕೆ ಹೊರಡುವ ಮುನ್ನ ದೂರುಗಳನ್ನು ನೋಡಬೇಕು, ದಿನಕ್ಕೆ ಐದಾರು ಇದ್ದೇ ಇರುತ್ತವೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಇನ್ನೊಂದು ಸಲ. ಮೂರು ವರ್ಷದಲ್ಲಿ ಈ ಕೆಲಸ ಒಂದು ದಿನವೂ ತಪ್ಪಿಲ್ಲ. ತಪ್ಪು ಮಾತ್ರ ಒಂದಾಗಿದೆ, ಅದನ್ನು ಅವರೇ ಹೇಳಿದರು.

ಬೇರೆ ಮನೆಯ, ಅಂದರೆ ಬೇರೆ ಸರ್ವರ್‌ನ ಒಬ್ಬ, ಪಾರ್ಶ್ವವಾಯು ವಾಸಿಮಾಡುವ ಪುಡಿ ಎಂದು ಅಕ್ಕನ ಮಂದಿಗೆ ಗುಟ್ಟಾಗಿ ಸಂದೇಶ ಕಳಿಸುತ್ತಿದ್ದ. ಅಕ್ಕನಿಗೆ ಮೈಯೆಲ್ಲ ಉರಿಯಿತು. ಅವನೊಬ್ಬನನ್ನು ತಡೆದರೆ ಸಾಕಿತ್ತು. ಇವರು ಒಂಬತ್ತು ಸಾವಿರ ಜನರಿರುವ ಆ ಇಡೀ ಸರ್ವರ್‌ಗೇ ಬಾಗಿಲು ಹಾಕಿದರು. 'ಖಚಿತವೇ?' ಎಂದು ಪರದೆ ಕೇಳಿತು. ಖಚಿತ ಎಂದು ಒತ್ತಿ ಅಂಗಡಿಗೆ ಹೋದರು.

ಮೂರನೆಯ ದಿನ ಡ್ರೈವರಣ್ಣ ಫೋನ್ ಮಾಡಿದರು: "ಅಕ್ಕಾ, ಇವಳ ತಂಗಿ ಯಾಕೋ ಮಾತಾಡ್ತಿಲ್ಲ. ಇವಳು ಫೋನೇ ಮುಟ್ತಿಲ್ಲ."

ಅವರ ಹೆಂಡತಿಯನ್ನು ಅಲ್ಲಿ ಎಲ್ಲರೂ ಅತ್ತಿಗೆ ಎನ್ನುತ್ತಾರೆ. ಆಕೆಯ ದೇಹದಲ್ಲಿ ಹೇಳಿದ ಮಾತು ಕೇಳುವುದು ಬಲಗೈಯ ಒಂದೇ ಬೆರಳು. ಆ ಬೆರಳಿನಿಂದ ದಿನಕ್ಕೊಂದು ಸಾಲು ಬರೆಯುತ್ತಿದ್ದರು, ದೂರದೇಶದ ತಂಗಿ ಉತ್ತರಿಸುತ್ತಿದ್ದಳು. ತಂಗಿ ಇದ್ದದ್ದು ಅಕ್ಕ ಬಾಗಿಲು ಹಾಕಿದ ಸರ್ವರ್‌ನಲ್ಲಿ. ತಂಗಿಗೂ ನಾನು ಹೊರೆಯಾದೆ ಎಂದುಕೊಂಡು ಅತ್ತಿಗೆ ಬೆರಳನ್ನು ಮಡಚಿಟ್ಟುಬಿಟ್ಟಿದ್ದರು.

ಅಕ್ಕ ಆ ಗಳಿಗೆಯಲ್ಲೇ ಬಾಗಿಲು ತೆರೆದರು. ಏನೂ ಆಗಲಿಲ್ಲ. ಈ ಜಾಲದಲ್ಲಿ ಹಾಗೆ ಬಾಗಿಲು ಹಾಕಿದರೆ ಎರಡೂ ಕಡೆಯವರ ನಂಟು ಕಡಿದೇಹೋಗುತ್ತದೆ. ತೆರೆದರೂ ತಾನಾಗಿ ಕೂಡುವುದಿಲ್ಲ, ಒಬ್ಬೊಬ್ಬರೂ ಮತ್ತೆ ಒಬ್ಬರನ್ನೊಬ್ಬರು ಹುಡುಕಿ ಸೇರಿಸಿಕೊಳ್ಳಬೇಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. "ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ್ಯಲ್ಲೇ," ಎಂದರಂತೆ ಗಂಡ. ಅಕ್ಕ ಆ ದಿನ ಊಟ ಮಾಡಲಿಲ್ಲ.

ತಪ್ಪಾದ ದಿನದ ಬೆಳಗಿನ ನಕಲು ಇನ್ನೂ ಡಿಸ್ಕಿನಲ್ಲಿತ್ತು. ಅದರಿಂದ ಕಡಿದ ನಂಟುಗಳ ಪಟ್ಟಿ ತೆಗೆದರು, ಮುನ್ನೂರ ಹನ್ನೆರಡು. ಮೊದಲು ಬರೆದದ್ದು ಅತ್ತಿಗೆಯ ತಂಗಿಗೆ. ಆಮೇಲೆ ಉಳಿದವರಿಗೆ, ಒಬ್ಬೊಬ್ಬರಿಗೂ ಬೇರೆ ಬೇರೆ. ನಿಮ್ಮ ಗೆಳತಿ ನಿಮ್ಮನ್ನು ಬಿಟ್ಟುಹೋಗಲಿಲ್ಲ, ಕಡಿದವಳು ನಾನು, ದಯವಿಟ್ಟು ಮತ್ತೆ ಸೇರಿಸಿಕೊಳ್ಳಿ ಎಂದು. ಹತ್ತೊಂಬತ್ತು ದಿನ ನಾಲ್ಕು ಗಂಟೆಗೇ ಎದ್ದರು. ಒಂದನ್ನೇ ನಕಲು ಮಾಡಿ ಎಲ್ಲರಿಗೂ ಕಳಿಸಬಹುದಿತ್ತಲ್ಲ ಎಂದೆ. "ಕಡಿಯೋವಾಗ ಒಟ್ಟಿಗೆ ಕಡಿದೆ. ಕ್ಷಮೆ ಕೇಳೋವಾಗಲೂ ಒಟ್ಟಿಗೆ ಕೇಳಿದ್ರೆ ಹೆಂಗೆ?" ಎಂದರು.

ಇನ್ನೂರ ಎಂಬತ್ತೆಂಟು ಮಂದಿ ಮರಳಿ ಸೇರಿಕೊಂಡರು. ತಂಗಿ ಮೊದಲ ದಿನವೇ ಬಂದಳು, ಪುಟಗಟ್ಟಲೆ ಬರೆದಳು. ಆದರೆ ಅತ್ತಿಗೆ ಮಾತ್ರ ಫೋನಿನ ಕಡೆ ಕಣ್ಣೂ ಹಾಯಿಸಲಿಲ್ಲ. ಕೊನೆಗೊಂದು ಭಾನುವಾರ ಅಕ್ಕನೇ ಎರಡು ಬಸ್ಸು ಬದಲಿಸಿ ಅವರ ಮನೆಗೆ ಹೋದರು. ಹಾಸಿಗೆಯ ಪಕ್ಕ ಕೂತು, "ತಪ್ಪು ನನ್ನದು ಅತ್ತಿಗೆ, ನಿಮ್ಮ ತಂಗಿದಲ್ಲ," ಎಂದರು. ಆಕೆ ಬೆರಳು ಆಡಿಸಿ ಫೋನ್ ಹಿಡಿಯುವಂತೆ ಗಂಡನಿಗೆ ಸನ್ನೆ ಮಾಡಿದರು. ಇಪ್ಪತ್ತು ನಿಮಿಷ ಹಿಡಿಯಿತು ಆ ಒಂದು ಸಾಲು: 'ಇನ್ನು ಮೇಲೆ ನನ್ನನ್ನು ಕೇಳಿ ಬಾಗಿಲು ಹಾಕು.'

ಅಕ್ಕ ಅದನ್ನು ತಮಾಷೆಯೆಂದು ಬಿಡಲಿಲ್ಲ. ಅಂದಿನಿಂದ ಈ ಮನೆಗೆ ಎರಡು ಬೀಗದಕೈ. ಎರಡನೆಯದು ಅತ್ತಿಗೆಯ ಹತ್ತಿರ. ಯಾವ ಸರ್ವರ್ ಮುಚ್ಚಬೇಕಾದರೂ ಇಬ್ಬರೂ ಒಪ್ಪಬೇಕು. "ಅವರು ಉತ್ತರ ಬರೆಯೋಕೆ ಇಪ್ಪತ್ತು ನಿಮಿಷ ಬೇಕು. ಅಷ್ಟರಲ್ಲಿ ನನ್ನ ಸಿಟ್ಟು ಅರ್ಧ ಇಳಿದಿರುತ್ತೆ. ಎರಡು ವರ್ಷದಲ್ಲಿ ಹದಿನಾಲ್ಕು ಸಲ ಕೇಳಿದ್ದೀನಿ, ಹನ್ನೊಂದು ಸಲ ಬೇಡ ಅಂದಿದ್ದಾರೆ. ಹನ್ನೊಂದು ಸಲನೂ ಅವರೇ ಸರಿ." ಹೊಸದಾಗಿ ಸೇರುವವರ ಉತ್ತರಗಳನ್ನೂ ಈಗ ಮೊದಲು ಅತ್ತಿಗೆಯೇ ಓದುತ್ತಾರೆ. ಬೆಳಗ್ಗೆಯಿಂದ ಸಂಜೆಯವರೆಗೆ ಸೂರು ನೋಡುತ್ತ ಮಲಗಿದ್ದವರು, ಬಂದವರಿಗೆ ಬಾಗಿಲು ತೆರೆಯುತ್ತಾರೆ.

ನಕಲು ಮುಗಿಯಿತು. ಅಕ್ಕ ಡಿಸ್ಕ್ ತೆಗೆದು, ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟರು. ಮುಂದಿನ ಆಸೆಯೇನು ಎಂದು ಕೇಳಿದೆ. ಈ ಕೆಲಸ ನಾಲ್ಕು ಜನಕ್ಕೆ ತಿಳಿಯಲಿ ಎನ್ನುತ್ತಾರೇನೋ ಅಂದುಕೊಂಡಿದ್ದೆ.

"ನಾನಿಲ್ಲ ಅಂತ ಯಾರಿಗೂ ಗೊತ್ತಾಗದ ಹಾಗೆ ಇದು ನಡೀಬೇಕು, ಅಷ್ಟೇ," ಎಂದರು. ಆಮೇಲೆ, ಹೇಳಲೋ ಬೇಡವೋ ಎಂಬಂತೆ ದನಿ ತಗ್ಗಿಸಿದರು. "ಹೋದ ತಿಂಗಳು ಜ್ವರ ಬಂದು ನಾಲ್ಕು ದಿನ ಏಳೋಕಾಗಲಿಲ್ಲ. ಪೂರ್ತಿ ಅತ್ತಿಗೆನೇ ನೋಡ್ಕೊಂಡ್ರು. ಆರುನೂರು ಜನ ಸ್ವಾಮಿ, ಅಕ್ಕ ಎಲ್ಲಿ ಅಂತ ಒಬ್ಬರೂ ಕೇಳಲಿಲ್ಲ!"